ಅಳಿವೆಯ ಜೀವಗಣತಿ

ನದಿಯು ಸಮುದ್ರವನ್ನು ಸೇರುವ ಎಡೆಗೆ ನಮ್ಮ ಕರಾವಳಿಯವರು ಅಳಿವೆಯೆಂದು ಹೆಸರಿಟ್ಟಿರುವರು. ಅಲ್ಲಿನ ನೀರು ಪೂರ್ಣವಾಗಿ ಸಿಹಿಯೂ ಅಲ್ಲ, ಪೂರ್ಣವಾಗಿ ಉಪ್ಪೂ ಅಲ್ಲ. ದಿನಕ್ಕೆ ಎರಡು ಸಲ ಸಮುದ್ರವು ಒಳಕ್ಕೆ ಏರಿಬರುವುದು. ಎರಡು ಸಲ ಹಿಂದಕ್ಕೆ ಸರಿಯುವುದು. ಮಳೆಗಾಲ ಬಂದಿತೆಂದರೆ ನದಿಯ ಕೈ ಮೇಲಾಗಿ, ಕಡಲ ನೀರು ಬಾಗಿಲ ಹೊರಗೆ ನಿಲ್ಲಬೇಕಾಗುವುದು. ಇಷ್ಟು ಚಂಚಲವಾದ ನೀರಿನಲ್ಲಿ ಜೀವಿಗಳು ವಿರಳವಾಗಿರಬೇಕೆಂದು ನಾವು ಊಹಿಸಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಈ ಏರುಪೇರನ್ನು ಸಹಿಸಬಲ್ಲ ಜಾತಿಗಳು ಕಡಮೆ, ನಿಜ. ಆದರೆ ಸಹಿಸಬಲ್ಲವುಗಳ ಸಂಖ್ಯೆ ಅಪಾರ. ಘಟ್ಟದ ಕಾಡುಗಳಿಂದ ನದಿಯು ಹೊತ್ತು ತರುವ ಎಲೆಗೊಳೆ ಮತ್ತು ಮಣ್ಣಿನ ಸಾರ, ಉಬ್ಬರವಿಳಿತಗಳ ಕಡೆತ, ಆಳವಿಲ್ಲದ ನೀರಿನ ತಳದವರೆಗೂ ಮುಟ್ಟುವ ಬಿಸಿಲು—ಈ ಮೂರೂ ಕೂಡಿ ಅಳಿವೆಯನ್ನು ಅಕ್ಷಯವಾದ ಅನ್ನದ ಬಟ್ಟಲನ್ನಾಗಿ ಮಾಡಿವೆ.

ಅಕ್ಷಯವೆಂದೆವು. ಆ ಮಾತು ಎಷ್ಟರ ಮಟ್ಟಿಗೆ ನಿಜ? ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯನ್ನೇ ತೆಗೆದುಕೊಳ್ಳೋಣ. ಶಿರಸಿಯ ಕಡೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ಮತ್ತು ಗೋಕರ್ಣಗಳ ನಡುವೆ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟುಗಳಾವುವೂ ಇಲ್ಲ. ಇದರ ಅಳಿವೆಯ ೪,೮೦೧ ಹೆಕ್ಟೇರುಗಳು ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದುವು. ನೀರಿಳಿದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಮೊಣಕಾಲುದ್ದದ ನೀರಿನಲ್ಲಿ ನಿಂತು, ಮರಳನ್ನು ಕೆದಕಿ, ಕಪ್ಪೆಚಿಪ್ಪುಗಳನ್ನು ಬುಟ್ಟಿಗೆ ತುಂಬುವುದು ಇಲ್ಲಿನ ನಿತ್ಯದ ನೋಟ. ಇವನ್ನು ಉತ್ತರ ಕನ್ನಡದಲ್ಲಿ ಬಳಚು ಎಂದೂ ದಕ್ಷಿಣ ಕನ್ನಡದಲ್ಲಿ ಮರುವಾಯಿ ಎಂದೂ ಕರೆಯುವರು. ಒಳಗಿನ ಮಾಂಸವು ಊಟಕ್ಕಾಗುವುದು. ಚಿಪ್ಪನ್ನು ಸುಟ್ಟರೆ ಸುಣ್ಣವಾಗುವುದು. ಬಂಡವಾಳವಿಲ್ಲದ, ದೋಣಿಯಿಲ್ಲದ ಬಡವರಿಗೂ ಇಲ್ಲಿ ದಿನದ ಕೂಲಿ ಹುಟ್ಟುವುದು.

ಅವರ ಮುಂದಿರುವ ಪ್ರಶ್ನೆ ಸರಳವಾದುದು: ಮುಂದಿನ ವರ್ಷವೂ ದೊರೆಯಬೇಕಾದರೆ ಈ ವರ್ಷ ಎಷ್ಟು ತೆಗೆಯಬಹುದು, ಯಾವ ಗಾತ್ರದ್ದನ್ನು ತೆಗೆಯಬಹುದು? ಇದಕ್ಕೆ ಉತ್ತರವನ್ನು ಊಹೆಯಿಂದ ಹೇಳಲಾಗದು, ಲೆಕ್ಕದಿಂದ ಹೇಳಬೇಕು. ಆ ಲೆಕ್ಕವನ್ನು ಒದಗಿಸುವ ಶಾಸ್ತ್ರವೇ ಜೀವಿಸಂಖ್ಯಾಶಾಸ್ತ್ರ. ಅದರ ಮೂಲಸೂತ್ರಗಳು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುವೇ ಎಂಬುದನ್ನು ಈ ಲೇಖನದಲ್ಲಿ ತೋರಿಸುವೆವು.

ಉಪ್ಪಿನ ಮೆಟ್ಟಿಲುಗಳು

ಸಮುದ್ರದ ನೀರಿನ ಸಾವಿರ ಪಾಲಿನಲ್ಲಿ ಸುಮಾರು ೩೫ ಪಾಲು ಲವಣವಿರುವುದು. ಹೀಗಾಗಿ ಒಂದು ಘನಮೀಟರು ಸಿಹಿನೀರು ೧,೦೦೦ ಕಿಲೋಗ್ರಾಂ ತೂಗಿದರೆ ಅಷ್ಟೇ ಗಾತ್ರದ ಕಡಲ ನೀರು ಸುಮಾರು ೧,೦೨೫ ಕಿಲೋಗ್ರಾಂ ತೂಗುವುದು. ಈ ಸಣ್ಣ ಅಂತರದಿಂದ ಒಂದು ದೊಡ್ಡ ಪರಿಣಾಮವುಂಟಾಗುವುದು. ಭಾರವಾದ ಉಪ್ಪುನೀರು ತಳವನ್ನು ಹಿಡಿದು ಬೆಣೆಯಂತೆ ಒಳಸರಿಯುವುದು. ಹಗುರವಾದ ನದೀಜಲವು ಅದರ ಮೇಲೆ ತೇಲುತ್ತ ಹೊರಕ್ಕೆ ಹರಿಯುವುದು. ಬೇಸಗೆಯಲ್ಲಿ ಈ ಬೆಣೆಯು ಒಳನಾಡಿನ ಕಡೆಗೆ ಬಹುದೂರ ಚಾಚುವುದು. ಜೂನ್ ತಿಂಗಳ ನೆರೆ ಬಂದೊಡನೆ ಮತ್ತೆ ಕಡಲ ಬಾಯಿಗೆ ತಳ್ಳಲ್ಪಡುವುದು.

ಕಪ್ಪೆಚಿಪ್ಪಿನ ದೇಹದ ದ್ರವವು ಹೊರಗಿನ ನೀರಿನಷ್ಟೇ ಲವಣವುಳ್ಳದ್ದು. ಹೊರಗಿನ ನೀರು ಥಟ್ಟನೆ ಸಿಹಿಯಾದರೆ ಅಭಿಸರಣದಿಂದ ನೀರು ಜೀವಕೋಶಗಳೊಳಕ್ಕೆ ನುಗ್ಗಿ ಅವು ಊದಿಕೊಳ್ಳುವುವು. ಆಗ ಪ್ರಾಣಿಯು ಎರಡೂ ಚಿಪ್ಪುಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಕಾಯುವುದು. ಆದರೆ ಬಾಗಿಲು ಮುಚ್ಚಿದ ಮನೆಗೆ ಆಹಾರವೂ ಬಾರದು, ಆಮ್ಲಜನಕವೂ ಬಾರದು. ಕಾಯುವ ಶಕ್ತಿಗೆ ಮಿತಿಯುಂಟು. ಆ ಮಿತಿಯು ಜಾತಿಯಿಂದ ಜಾತಿಗೆ ಬೇರೆ ಬೇರೆ. ಆದುದರಿಂದ ಅಳಿವೆಯ ಉದ್ದಕ್ಕೂ ಕಪ್ಪೆಚಿಪ್ಪುಗಳು ಮೆಟ್ಟಿಲು ಮೆಟ್ಟಿಲಾಗಿ ಹಂಚಿಕೊಂಡಿರುವುವು. ಹೆಚ್ಚು ಉಪ್ಪನ್ನು ಬಯಸುವ ಪೇಫಿಯಾ ಮಲಬಾರಿಕಾ ಎಂಬ ಜಾತಿ ಕಡಲ ಬಾಯಿಯ ಸಮೀಪದಲ್ಲಿಯೂ, ಏರುಪೇರನ್ನು ತಾಳಬಲ್ಲ ಮೆರೆಟ್ರಿಕ್ಸ್ ಕಾಸ್ಟಾ ನಡುವೆಯೂ, ಬಹುಪಾಲು ಸಿಹಿನೀರಿನಲ್ಲಿಯೇ ಬಾಳಬಲ್ಲ ಕಪ್ಪು ಚಿಪ್ಪಿನ ವಿಲ್ಲೋರಿಟಾ ಮೇಲ್ಗಡೆಯೂ ನೆಲೆಸಿರುವುವು. ಚಿಪ್ಪನ್ನು ನೋಡಿಯೇ ಅಲ್ಲಿನ ನೀರಿನ ಉಪ್ಪನ್ನು ಸ್ಥೂಲವಾಗಿ ಹೇಳಬಹುದು.

ಮನೆಯವರೂ ಅತಿಥಿಗಳೂ

ಕಪ್ಪೆಚಿಪ್ಪು ಅಳಿವೆಯ ಸ್ಥಿರ ನಿವಾಸಿ. ಎಳೆತನದ ಕೆಲವು ದಿನಗಳನ್ನುಳಿದು ಅದು ತನ್ನ ಮರಳನ್ನು ಬಿಟ್ಟು ದೂರ ಹೋಗದು. ಸಿಗಡಿಯ ರೀತಿ ಬೇರೆ. ಬಿಳಿ ಸಿಗಡಿಯ ಹೆಣ್ಣು ಸಮುದ್ರದಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ಬಿಡುವುದು. ಒಂದು ದಿನದೊಳಗಾಗಿ ಮೊಟ್ಟೆಯೊಡೆದು, ಅನೇಕ ಲಾರ್ವ ರೂಪಗಳನ್ನು ಕಳೆದು, ಸುಮಾರು ಎರಡು ವಾರಗಳಲ್ಲಿ ಅದು ಪುಟ್ಟ ಸಿಗಡಿಯ ಆಕಾರವನ್ನು ತಾಳುವುದು. ಕೂದಲೆಳೆಯಂತಹ ಈ ಮರಿಗಳು ಉಬ್ಬರದ ನೀರಿನೊಡನೆ ಅಳಿವೆಯನ್ನು ಹೊಕ್ಕು, ಅಲ್ಲಿ ಕೆಲವು ತಿಂಗಳು ಉಂಡು ಬೆಳೆದು, ಪ್ರಾಯಕ್ಕೆ ಬರುವ ಹೊತ್ತಿಗೆ ಇಳಿತದೊಡನೆ ಮತ್ತೆ ಕಡಲಿಗೆ ಮರಳುವುವು. ಅಳಿವೆಯು ಅವುಗಳಿಗೆ ತವರಲ್ಲ, ವಿದ್ಯಾರ್ಥಿನಿಲಯವೆನ್ನಬಹುದು.

ಈ ಭೇದವು ಲೆಕ್ಕದಲ್ಲಿ ಮುಖ್ಯವಾದುದು. ಯಾವುದೇ ಜೀವಿಸಮೂಹದ ಸಂಖ್ಯೆಯನ್ನು ನಾಲ್ಕು ಅಂಶಗಳು ನಿರ್ಧರಿಸುವುವು: ಹುಟ್ಟು, ಸಾವು, ಒಳಬರುವಿಕೆ, ಹೊರಹೋಗುವಿಕೆ. ಹುಟ್ಟಿದುವನ್ನೂ ಒಳಬಂದುವನ್ನೂ ಕೂಡಿಸಿ, ಸತ್ತುವನ್ನೂ ಹೊರಹೋದುವನ್ನೂ ಕಳೆದರೆ ವರ್ಷದ ವ್ಯತ್ಯಾಸವು ದೊರೆಯುವುದು. ಬೆಳೆದ ಕಪ್ಪೆಚಿಪ್ಪುಗಳಲ್ಲಿ ಕೊನೆಯ ಎರಡು ಅಂಶಗಳನ್ನು ಬಹುಮಟ್ಟಿಗೆ ಕೈಬಿಡಬಹುದು. ಸಿಗಡಿಯಲ್ಲಿ ಅವೇ ಪ್ರಧಾನ. ಗಜನಿ ಗದ್ದೆಗಳ ತೂಬಿನ ಬಾಯಿಯಲ್ಲಿ ಬಲೆಯೊಡ್ಡಿ ಎಳೆಯ ಸಿಗಡಿಯನ್ನು ಹಿಡಿಯುವವನೂ, ಹೊರಗಡಲಿನಲ್ಲಿ ಯಂತ್ರದ ದೋಣಿಯಿಂದ ಬಲಿತ ಸಿಗಡಿಯನ್ನು ಹಿಡಿಯುವವನೂ ಒಬ್ಬರನ್ನೊಬ್ಬರು ಕಾಣದಿರಬಹುದು. ಆದರೆ ಇಬ್ಬರೂ ಒಂದೇ ಖಾತೆಯಿಂದ ಹಣ ತೆಗೆಯುತ್ತಿರುವರು.

ಕಾಣದುದನ್ನು ಎಣಿಸುವ ಬಗೆ

ಮರಳಿನಲ್ಲಿ ಹುದುಗಿರುವುದನ್ನು ಎಣಿಸುವುದೆಂತು? ಅರ್ಧ ಮೀಟರು ಬಾಹುವುಳ್ಳ ಒಂದು ಚೌಕಟ್ಟನ್ನು ಮಾಡಿಸಿ, ಅದನ್ನು ಅಲ್ಲಲ್ಲಿ ಇಟ್ಟು, ಅದರೊಳಗಿನ ಮರಳನ್ನು ಜರಡಿಯಾಡಿ ಎಣಿಸಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹತ್ತು ಕಡೆ ಇಟ್ಟಾಗ ೧೨, ೦, ೩೧, ೭, ೧೮, ೨೫, ೩, ೧೪, ೨೨, ೮ ಚಿಪ್ಪುಗಳು ದೊರೆತುವು. ಸರಾಸರಿ ೧೪. ಚೌಕಟ್ಟಿನ ವಿಸ್ತೀರ್ಣವು ಕಾಲು ಚದರ ಮೀಟರಾದುದರಿಂದ ಚದರ ಮೀಟರಿಗೆ ೫೬. ಒಂದು ಹೆಕ್ಟೇರಿಗೆ ೫,೬೦,೦೦೦.

ಈ ಉತ್ತರವನ್ನು ಎಷ್ಟು ನಂಬಬಹುದು? ಚಿಪ್ಪುಗಳು ಮಳೆಹನಿಗಳಂತೆ ಯಾದೃಚ್ಛಿಕವಾಗಿ ಚೆದರಿದ್ದರೆ ಎಣಿಕೆಗಳು ಸರಾಸರಿಯಿಂದ ಅದರ ವರ್ಗಮೂಲದಷ್ಟು, ಎಂದರೆ ಸುಮಾರು ೪ರಷ್ಟು, ಆಚೀಚೆ ಇರಬೇಕು. ವಿಕಿರಣ ಕಣಗಳನ್ನು ಎಣಿಸುವಾಗ ನಾವು ಕಾಣುವ ನಿಯಮ ಇದೇ. ಆದರೆ ಮೇಲಿನ ಪಟ್ಟಿಯಲ್ಲಿ ಆ ಚೆದರಿಕೆಯು ಸುಮಾರು ೧೦ ಇದೆ. ಇದರಿಂದ ಚಿಪ್ಪುಗಳು ಗುಂಪುಗುಂಪಾಗಿ ನೆಲೆಸಿವೆ ಎಂದು ತಿಳಿಯಿತು. ಸರಾಸರಿಯಲ್ಲಿ ಬರಬಹುದಾದ ತಪ್ಪನ್ನು ಪಡೆಯಲು ೧೦ನ್ನು ಚೌಕಟ್ಟುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸುಮಾರು ೩ ಬರುವುದು. ಆದುದರಿಂದ ಹೆಕ್ಟೇರಿಗೆ ೪,೪೦,೦೦೦ದಿಂದ ೬,೮೦,೦೦೦ದವರೆಗೆ ಇರಬಹುದೆಂದು ಹೇಳುವುದು ಪ್ರಾಮಾಣಿಕವಾದ ಉತ್ತರ. ತಪ್ಪನ್ನು ಅರ್ಧಕ್ಕಿಳಿಸಬೇಕಾದರೆ ಚೌಕಟ್ಟನ್ನು ಹತ್ತು ಕಡೆಯ ಬದಲು ನಲವತ್ತು ಕಡೆ ಇಡಬೇಕು. ನಿಖರತೆಯ ಬೆಲೆ ಬೆವರು.

ಓಡಾಡುವ ಮೀನಿಗೂ ಏಡಿಗೂ ಚೌಕಟ್ಟು ಒದಗದು. ಅವುಗಳಿಗಾಗಿ ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಗುರುತುಹಾಕಿ ಬಿಡುವ ವಿಧಾನವನ್ನು ಬಳಕೆಗೆ ತಂದನು. ಇದೇ ಬಗೆಯ ಪ್ರಮಾಣದ ಲೆಕ್ಕದಿಂದ ಲಾಪ್ಲಾಸನು ೧೮೦೨ರಲ್ಲಿಯೇ ಫ್ರಾನ್ಸ್ ದೇಶದ ಜನಸಂಖ್ಯೆಯನ್ನು ಅಂದಾಜುಮಾಡಿದ್ದನು. ೨೦೦ ಮೀನುಗಳನ್ನು ಹಿಡಿದು, ಗುರುತುಹಾಕಿ, ಮತ್ತೆ ನೀರಿಗೆ ಬಿಡೋಣ. ಅವು ಉಳಿದುವುಗಳೊಡನೆ ಚೆನ್ನಾಗಿ ಬೆರೆತ ಮೇಲೆ ೧೫೦ ಮೀನುಗಳನ್ನು ಹಿಡಿದಾಗ ಅವುಗಳಲ್ಲಿ ೧೨ಕ್ಕೆ ನಮ್ಮ ಗುರುತಿದೆಯೆನ್ನೋಣ. ಎರಡನೆಯ ಹಿಡಿತದಲ್ಲಿ ಗುರುತಿನ ಪ್ರಮಾಣವು ೧೫೦ಕ್ಕೆ ೧೨. ಇಡೀ ಅಳಿವೆಯಲ್ಲಿಯೂ ಅದೇ ಪ್ರಮಾಣವಿರಬೇಕು. ಆದುದರಿಂದ ಒಟ್ಟು ಮೀನುಗಳು ೨೦೦ನ್ನು ೧೫೦ರಿಂದ ಗುಣಿಸಿ ೧೨ರಿಂದ ಭಾಗಿಸಿದಷ್ಟು, ಎಂದರೆ ೨,೫೦೦.

ಓದುಗರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಪಾತ್ರೆಯ ತುಂಬ ಅವರೆಕಾಳನ್ನು ತೆಗೆದುಕೊಂಡು, ಒಂದು ಹಿಡಿಗೆ ಮಸಿಯ ಚುಕ್ಕೆಯಿಟ್ಟು, ಬೆರೆಸಿ, ಮತ್ತೊಂದು ಹಿಡಿಯನ್ನು ತೆಗೆದು ಲೆಕ್ಕಮಾಡಿ, ಕೊನೆಗೆ ಎಲ್ಲವನ್ನೂ ಎಣಿಸಿ ನೋಡಲಿ. ಆದರೆ ಕಾಳು ಪಾತ್ರೆಯಿಂದ ಹೊರಕ್ಕೆ ಈಜದು, ಮೀನು ಈಜುವುದು. ಏಡಿಯಂತೂ ಬೆಳೆಯುವಾಗ ಮೈಯ ಚಿಪ್ಪನ್ನು ಕಳಚುವುದಾದುದರಿಂದ ಬೆನ್ನಮೇಲಿನ ಗುರುತೂ ಅದರೊಡನೆ ಹೋಗುವುದು. ಗುರುತು ಕಳೆದಷ್ಟೂ ನಮ್ಮ ಉತ್ತರವು ನಿಜಕ್ಕಿಂತ ದೊಡ್ಡದಾಗುವುದು. ಇರುವುದಕ್ಕಿಂತ ಹೆಚ್ಚು ಇದೆಯೆಂದು ನಂಬುವುದು ಬೆಸ್ತನಿಗೆ ಅಪಾಯಕರವಾದ ತಪ್ಪು.

ಕಾಫಿಯ ಬಟ್ಟಲೂ ರೇಡಿಯಮ್ಮಿನ ಚೂರೂ

ಎಷ್ಟಿವೆಯೆಂಬುದನ್ನು ತಿಳಿದರೆ ಸಾಲದು. ಎಷ್ಟು ಬೇಗ ಬೆಳೆಯುವುವು, ಎಷ್ಟು ಬೇಗ ಸಾಯುವುವು ಎಂಬುದನ್ನೂ ತಿಳಿಯಬೇಕು. ಶೀತದೇಶಗಳಲ್ಲಿ ಚಳಿಗಾಲವು ಬೆಳವಣಿಗೆಯನ್ನು ತಡೆದು ಮೀನಿನ ಹುರುಪೆಯ ಮೇಲೆ ವರ್ಷಕ್ಕೊಂದು ಬಳೆಯನ್ನು ಬರೆಯುವುದು. ನಮ್ಮ ಬೆಚ್ಚನೆಯ ನೀರಿನಲ್ಲಿ ಈ ಬರಹವು ಅಷ್ಟು ಸ್ಪಷ್ಟವಲ್ಲ. ಆದುದರಿಂದ ಪ್ರತಿ ತಿಂಗಳೂ ನೂರಾರು ಚಿಪ್ಪುಗಳ ಉದ್ದವನ್ನಳೆದು ನಕ್ಷೆ ಬರೆಯುವರು. ಒಂದೇ ಕಾಲದಲ್ಲಿ ಹುಟ್ಟಿದುವು ನಕ್ಷೆಯಲ್ಲಿ ಒಂದು ಗುಡ್ಡದಂತೆ ಕಾಣುವುವು; ತಿಂಗಳಿಂದ ತಿಂಗಳಿಗೆ ಆ ಗುಡ್ಡವು ಬಲಕ್ಕೆ ಸರಿಯುವುದು. ಸರಿದ ದೂರವೇ ಬೆಳವಣಿಗೆ. ಗುಡ್ಡವು ಕುಗ್ಗಿದಷ್ಟೂ ಸಾವು.

ಬೆಳವಣಿಗೆಯ ನಿಯಮವನ್ನು ಅರಿಯಲು ಬಿಸಿ ಕಾಫಿಯ ಬಟ್ಟಲನ್ನು ನೆನೆಯೋಣ. ಕಾಫಿಯು ಮೊದಲು ಬೇಗ ಆರುವುದು. ಸುತ್ತಲಿನ ಉಷ್ಣತೆಗೆ ಸಮೀಪಿಸಿದಂತೆಲ್ಲ ನಿಧಾನವಾಗುವುದು. ಉಳಿದಿರುವ ಅಂತರವೆಷ್ಟೋ ಅದಕ್ಕೆ ಅನುಪಾತವಾಗಿ ಆರುವುದೆಂದು ನ್ಯೂಟನ್ನನ ನಿಯಮವು ಹೇಳುವುದು. ಮೀನಿನ ಅಥವಾ ಚಿಪ್ಪಿನ ಉದ್ದವೂ ಹಾಗೆಯೇ: ತಾನು ತಲುಪಬಲ್ಲ ಪರಮಾವಧಿಗೆ ಇನ್ನೆಷ್ಟು ಉಳಿದಿದೆಯೋ ಅದಕ್ಕೆ ಅನುಪಾತವಾಗಿ ಬೆಳೆಯುವುದು. ಇದನ್ನು ಬೆರ್ಟಲಾನ್ಫಿಯ ಸಮೀಕರಣವೆನ್ನುವರು. ಸಾವಿನ ನಿಯಮವಾದರೋ ರೇಡಿಯಮ್ಮಿನ ಕ್ಷಯದಂತೆ. ಒಂದು ಗೊತ್ತಾದ ಕಾಲದಲ್ಲಿ ಇರುವುದರಲ್ಲಿ ಒಂದು ಗೊತ್ತಾದ ಪಾಲು ಕಳೆಯುವುದು. ರೇಡಿಯಮ್ಮಿಗೆ ಅರ್ಧಾಯುವಿರುವಂತೆ ಚಿಪ್ಪಿನ ಸಮೂಹಕ್ಕೂ ಅರ್ಧಾಯುವುಂಟು.

ಈ ಎರಡು ನಿಯಮಗಳನ್ನು ಕೂಡಿಸಿದರೆ ಏನಾಗುವುದೆಂಬುದನ್ನು ಸುಲಭವಾದ ಸಂಖ್ಯೆಗಳಿಂದ ನೋಡೋಣ. ಒಂದು ಕಲ್ಪಿತ ಜಾತಿಯ ಪರಮಾವಧಿ ಉದ್ದವು ೪೮ ಮಿಲಿಮೀಟರು. ಆರು ತಿಂಗಳಿಗೊಮ್ಮೆ ಉಳಿದ ಅಂತರದ ಅರ್ಧದಷ್ಟು ಬೆಳೆಯುವುದು. ಆರು ತಿಂಗಳಿಗೊಮ್ಮೆ ಸಂಖ್ಯೆಯೂ ಅರ್ಧಕ್ಕಿಳಿಯುವುದು. ಒಂದು ಸಾವಿರ ಮರಿಗಳಿಂದ ತೊಡಗೋಣ. ತೂಕವು ಉದ್ದದ ಘನಕ್ಕೆ ಅನುಪಾತವಾಗಿರುವುದರಿಂದ ಆರನೆಯ ತಿಂಗಳಲ್ಲಿ ಒಂದರ ತೂಕವನ್ನು ೧ ಎಂದು ಎಣಿಸಿದರೆ ಹೀಗಾಗುವುದು:

೬ ತಿಂಗಳು: ಉದ್ದ ೨೪ ಮಿ.ಮೀ., ಉಳಿದವು ೫೦೦, ಒಟ್ಟು ತೂಕ ೫೦೦
೧೨ ತಿಂಗಳು: ಉದ್ದ ೩೬ ಮಿ.ಮೀ., ಉಳಿದವು ೨೫೦, ಒಟ್ಟು ತೂಕ ೮೪೪
೧೮ ತಿಂಗಳು: ಉದ್ದ ೪೨ ಮಿ.ಮೀ., ಉಳಿದವು ೧೨೫, ಒಟ್ಟು ತೂಕ ೬೭೦
೨೪ ತಿಂಗಳು: ಉದ್ದ ೪೫ ಮಿ.ಮೀ., ಉಳಿದವು ಸುಮಾರು ೬೨, ಒಟ್ಟು ತೂಕ ೪೧೨

ಸಂಖ್ಯೆಯು ಸತತವಾಗಿ ಇಳಿಯುತ್ತಿದ್ದರೂ ಒಟ್ಟು ತೂಕವು ಮೊದಲು ಏರಿ, ಒಂದು ವರ್ಷದಲ್ಲಿ ಶಿಖರವನ್ನು ಮುಟ್ಟಿ, ಆಮೇಲೆ ಇಳಿಯುವುದು. ಆರನೆಯ ತಿಂಗಳಲ್ಲಿ ಬಾಚಿ ತೆಗೆದವನು ೮೪೪ ಪಾಲಿನ ಬದಲು ೫೦೦ ಪಾಲನ್ನು ಮಾತ್ರ ಪಡೆದನು; ಇನ್ನಾರು ತಿಂಗಳು ಕಾದಿದ್ದರೆ ಅದೇ ಮರಳಿನಿಂದ ಮೂರರಲ್ಲಿ ಎರಡು ಭಾಗಕ್ಕೂ ಮಿಗಿಲಾದ ಹೆಚ್ಚುವರಿ ದೊರೆಯುತ್ತಿತ್ತು. ಎರಡು ವರ್ಷ ಮುಟ್ಟದೆ ಬಿಟ್ಟವನೂ ನಷ್ಟಹೊಂದಿದನು. ನಿಜವಾದ ಜಾತಿಗಳಲ್ಲಿ ಸಂಖ್ಯೆಗಳು ಬೇರೆಯಾಗಿರುವುವು. ಶಿಖರವೊಂದಿರುವುದೆಂಬ ತತ್ತ್ವವು ಬದಲಾಗದು.

ಬಿತ್ತನೆಯ ಬೀಜ

ಎಳೆಯದನ್ನು ತೆಗೆಯುವುದರಿಂದ ತೂಕದ ನಷ್ಟಕ್ಕಿಂತ ದೊಡ್ಡದಾದ ಇನ್ನೊಂದು ಕೇಡುಂಟು. ಪ್ರಾಣಿಯು ಒಮ್ಮೆಯೂ ಸಂತಾನವನ್ನು ಪಡೆಯದ ಮೊದಲೇ ಹಿಡಿಯಲ್ಪಟ್ಟರೆ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು? ಕಪ್ಪೆಚಿಪ್ಪಿನ ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುವುದೆಂಬುದನ್ನು ಕೇಳಿ, ಕೆಲವೇ ತಾಯಿಗಳು ಉಳಿದರೂ ಸಾಕೆಂದು ಭಾವಿಸುವವರುಂಟು. ಆದರೆ ಆ ಲಕ್ಷದಲ್ಲಿ ಬದುಕುವುದು ಅತ್ಯಲ್ಪ. ಲಾರ್ವವು ಒಂದೆರಡು ವಾರ ನೀರಿನಲ್ಲಿ ತೇಲಿ, ತಕ್ಕ ಮರಳಿನ ತಳವನ್ನು ಕಂಡುಕೊಳ್ಳಬೇಕು. ಪ್ರವಾಹವು ಕಡಲಿಗೆ ಒಯ್ದರೆ ಮುಗಿಯಿತು; ಅಕಾಲದ ಮಳೆಯಿಂದ ನೀರು ಸಿಹಿಯಾದರೆ ಮುಗಿಯಿತು.

ಆದುದರಿಂದಲೇ ವರ್ಷ ವರ್ಷಕ್ಕೂ ಹೊಸ ಪೀಳಿಗೆಯ ಪ್ರಮಾಣದಲ್ಲಿ ಭಾರಿ ವ್ಯತ್ಯಾಸ ಕಾಣುವುದು. ನಾರ್ವೆಯ ಯೋಹಾನ್ ಯೋರ್ಟ್ ೧೯೧೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವಿಷಯವನ್ನು ಹೆರಿಂಗ್ ಮೀನಿನಲ್ಲಿ ಸ್ಪಷ್ಟಪಡಿಸಿದನು. ೧೯೦೪ರಲ್ಲಿ ಹುಟ್ಟಿದ ಒಂದೇ ಪೀಳಿಗೆಯು ಹಲವು ವರ್ಷಗಳ ಕಾಲ ನಾರ್ವೆಯ ಬಲೆಗಳನ್ನು ತುಂಬಿತು; ಅದರ ಹಿಂದುಮುಂದಿನ ಪೀಳಿಗೆಗಳು ಅದರೆದುರಿಗೆ ಅಲ್ಪವಾಗಿದ್ದುವು. ಹೀಗಿರುವಾಗ ಒಂದು ಒಳ್ಳೆಯ ವರ್ಷದ ಹಿಡಿತವನ್ನು ಕಂಡು ಅದೇ ಶಾಶ್ವತವೆಂದು ಬಗೆಯುವುದು ಸಲ್ಲದು. ಕೆಟ್ಟ ವರ್ಷವನ್ನು ದಾಟಿಸುವಷ್ಟು ತಾಯಿಗಳನ್ನು ಯಾವಾಗಲೂ ಉಳಿಸಿರಬೇಕು. ಬಿತ್ತನೆಯ ಬೀಜವನ್ನು ಕುಟ್ಟಿ ಉಣ್ಣುವ ರೈತನಿಲ್ಲ. ನೀರಿನ ಬೇಸಾಯದಲ್ಲಿಯೂ ಅದೇ ನೀತಿ.

ಅಷ್ಟಮುಡಿಯ ಪಾಠ

ಇವೆಲ್ಲ ಕಾಗದದ ಮೇಲಿನ ಲೆಕ್ಕವಲ್ಲ. ಅಘನಾಶಿನಿಯಲ್ಲಿ ನಾವು ಕಂಡ ಪೇಫಿಯಾ ಮಲಬಾರಿಕಾ ಕೇರಳದ ಕೊಲ್ಲಂ ನಗರದ ಬಳಿಯ ಅಷ್ಟಮುಡಿ ಕಾಯಲಿನಲ್ಲಿಯೂ ಹೇರಳವಾಗಿರುವುದು. ಅದನ್ನು ಅಲ್ಲಿ ಪೂವನ್ ಕಕ್ಕ ಎನ್ನುವರು. ವ್ಯಾಪಾರಕ್ಕಾಗಿ ಅದನ್ನು ತೆಗೆಯುವುದು ೧೯೮೧ರಲ್ಲಿ ಆರಂಭವಾಯಿತು. ಪರದೇಶಗಳಿಂದ ಬೇಡಿಕೆ ಹೆಚ್ಚಿ, ೧೯೯೧ರ ವೇಳೆಗೆ ವರ್ಷದ ಹಿಡಿತವು ಸುಮಾರು ೧೦,೦೦೦ ಟನ್ನುಗಳಿಗೇರಿತು. ಎರಡೇ ವರ್ಷಗಳಲ್ಲಿ, ೧೯೯೩ರಲ್ಲಿ, ಅದು ಅರ್ಧಕ್ಕೆ ಕುಸಿಯಿತು.

ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನವನ್ನು ಆಧರಿಸಿ ಆಗ ಕೆಲವು ನಿಯಮಗಳನ್ನು ಮಾಡಿದರು. ಸಂತಾನೋತ್ಪತ್ತಿಯ ಕಾಲವಾದ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ತೆಗೆಯುವಂತಿಲ್ಲ. ಬಲೆಯ ಕಣ್ಣು ೩೦ ಮಿಲಿಮೀಟರಿಗೆ ಕಡಮೆಯಿರಕೂಡದು. ಯಂತ್ರದಿಂದ ತೆಗೆಯಕೂಡದು. ರಫ್ತಾಗುವ ಮಾಂಸದಲ್ಲಿ ಕಿಲೋಗ್ರಾಮಿಗೆ ೧,೪೦೦ಕ್ಕಿಂತ ಹೆಚ್ಚು ಚಿಪ್ಪಿನ ಮಾಂಸದ ತುಣುಕುಗಳಿರಕೂಡದು. ಈ ಕೊನೆಯ ನಿಯಮದ ಜಾಣ್ಮೆಯನ್ನು ಗಮನಿಸಬೇಕು. ಎಳೆಯವಾದಷ್ಟೂ ಕಿಲೋಗ್ರಾಮಿಗೆ ಹೆಚ್ಚು ತುಣುಕುಗಳು ಹಿಡಿಸುವುವಾದುದರಿಂದ, ಚಿಪ್ಪನ್ನು ಕಾಣದೆಯೇ, ಬರಿಯ ತಕ್ಕಡಿಯಿಂದ ಪ್ರಾಣಿಯ ಗಾತ್ರವನ್ನು ಅಳೆದಂತಾಯಿತು. ಹಿಡಿತವು ಚೇತರಿಸಿಕೊಂಡು ಮತ್ತೆ ೧೦,೦೦೦ ಟನ್ನುಗಳ ಸುಮಾರಿಗೆ ಬಂದಿತು. ೨೦೧೪ರಲ್ಲಿ ಈ ಮೀನುಗಾರಿಕೆಯು ಸುಸ್ಥಿರತೆಗಾಗಿ ಮರೈನ್ ಸ್ಟೂವರ್ಡ್‌ಷಿಪ್ ಕೌನ್ಸಿಲ್ಲಿನ ಪ್ರಮಾಣಪತ್ರವನ್ನು ಪಡೆಯಿತು. ಭಾರತದಲ್ಲಿ ಅದನ್ನು ಪಡೆದವುಗಳಲ್ಲಿ ಇದೇ ಮೊದಲನೆಯದು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಮೇಲಣ ವರ್ಷಗಳಲ್ಲಿ ಅಷ್ಟಮುಡಿಯ ಚಿಪ್ಪುಗಳು ಮತ್ತೆ ಕಡಮೆಯಾದುವು. ೨೦೨೪ರಲ್ಲಿ ಅದೇ ಸಂಸ್ಥೆಯವರು ಮರಿಕೇಂದ್ರದಲ್ಲಿ ಬೆಳೆಸಿದ ಎಳೆಯ ಚಿಪ್ಪುಗಳನ್ನು ಕಾಯಲಿನಲ್ಲಿ ಬಿತ್ತಿದರು. ಹಿಡಿಯುವವರ ಕೈಯನ್ನು ತಡೆದುದರಿಂದಲೇ ಎಲ್ಲವೂ ಸರಿಹೋಗದು, ನೀರೂ ಸರಿಯಾಗಿರಬೇಕು. ಇದಕ್ಕೆ ಸಾಕ್ಷಿಯು ಅಘನಾಶಿನಿಯ ನೆರೆಯಲ್ಲಿಯೇ ಇದೆ. ಹೊನ್ನಾವರದ ಬಳಿ ಸಮುದ್ರವನ್ನು ಸೇರುವ ಶರಾವತಿಗೆ ೧೯೬೪ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟಾಯಿತು. ವಿದ್ಯುತ್ತನ್ನು ಉತ್ಪಾದಿಸಿದ ನೀರು ಬೇಸಗೆಯಲ್ಲಿಯೂ ಅಳಿವೆಗೆ ಹರಿದುಬರುವುದರಿಂದ ಉಪ್ಪಿನ ಬೆಣೆಯು ಮೊದಲಿನಂತೆ ಒಳಸರಿಯಲಾರದು. ಉಪ್ಪನ್ನು ಬಯಸುವ ಕಪ್ಪೆಚಿಪ್ಪುಗಳು ಅಲ್ಲಿ ಬಹಳ ವಿರಳವಾಗಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರವಿಜ್ಞಾನಿಗಳು ತೋರಿಸಿರುವರು. ಅಲ್ಲಿ ಯಾರೂ ಅತಿಯಾಗಿ ಹಿಡಿಯಬೇಕಾಗಲಿಲ್ಲ. ಮೇಲಿನ ಮೆಟ್ಟಿಲು ಕೆಳಗಿಳಿಯಿತು, ಅಷ್ಟೆ.

ಅಳಿವೆಯ ಸಂಪತ್ತು ಕಣಜದಲ್ಲಿ ಕೂಡಿಟ್ಟ ಧಾನ್ಯದಂತಹುದಲ್ಲ. ಒಂದು ಕಡೆಯಿಂದ ತುಂಬುತ್ತ ಇನ್ನೊಂದು ಕಡೆಯಿಂದ ಹರಿಯುತ್ತಿರುವ ಕೆರೆಯ ನೀರಿನಂತಹುದು. ಎಷ್ಟಿದೆಯೆಂಬುದಕ್ಕಿಂತ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಎಂಬುದೇ ಮುಖ್ಯ. ಅದನ್ನು ಅರಿಯಲು ಅಮೂಲ್ಯವಾದ ಉಪಕರಣಗಳು ಬೇಕಿಲ್ಲ. ಒಂದು ಮರದ ಚೌಕಟ್ಟು, ಒಂದು ಜರಡಿ, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ತಿಂಗಳಿಗೊಂದು ಇಳಿತದ ಬೆಳಗು—ಇಷ್ಟು ಸಾಕು. ಕರಾವಳಿಯ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಪ್ರತಿ ತಿಂಗಳೂ ಒಂದೇ ಸ್ಥಳದಲ್ಲಿ ನೂರು ಚಿಪ್ಪುಗಳ ಉದ್ದವನ್ನು ಅಳೆದು, ಮತ್ತೆ ಮರಳಿಗೇ ಬಿಟ್ಟು, ಒಂದು ವರ್ಷ ನಕ್ಷೆಯನ್ನು ಬರೆದರೆ, ಗುಡ್ಡಗಳು ಬಲಕ್ಕೆ ಸರಿಯುವುದನ್ನು ತಮ್ಮ ಕಣ್ಣಿನಿಂದಲೇ ಕಾಣುವರು. ಎಡಗಡೆಯಲ್ಲಿ ಹೊಸ ಗುಡ್ಡವೊಂದು ಏಳದೆ ಹೋದ ವರ್ಷ, ಬುಟ್ಟಿಗಳು ಬರಿದಾಗುವ ಮೊದಲೇ, ಊರಿನವರಿಗೆ ಎಚ್ಚರಿಕೆ ಹೇಳಬಲ್ಲವರು ಅವರೇ ಆಗುವರು.